ಮುಟ್ಟಿದ್ದಕ್ಕೂ ಬಿಲ್ಲು

ಲಾಸ್ ವೇಗಸ್ಸಿನ ಹೋಟೆಲ್ ಬಿಲ್ಲಿನಲ್ಲಿ ನಾವು ಕುಡಿಯದ ಬಿಯರು, ತಿನ್ನದ ಗೋಡಂಬಿ ಎಲ್ಲ ಇತ್ತು. ದಾವಣಗೆರೆಯಿಂದ ಬಂದಿದ್ದ ಅಮ್ಮ ಮೊಸರನ್ನದ ಡಬ್ಬಿ ಇಡೋಕೆ ರೂಮಿನ ಪುಟ್ಟ ಫ್ರಿಜ್ಜಿನಲ್ಲಿ ಜಾಗ ಮಾಡಿದ್ದಳು. ಅಲ್ಲಿ ಹೋಟೆಲಿನವರು ಮಾರೋಕೆ ಇಟ್ಟಿದ್ದ ಬಾಟಲಿ, ಡಬ್ಬಿಗಳನ್ನೆಲ್ಲ ನೀಟಾಗಿ ಮೇಜಿನ ಮೇಲೆ ಜೋಡಿಸಿಟ್ಟಿದ್ದಳು. ಫ್ರಿಜ್ಜಿನಲ್ಲಿ ಅವುಗಳ ಕೆಳಗೆ ಸೆನ್ಸರ್ ಇತ್ತು. ಎತ್ತಿ ಸ್ವಲ್ಪ ಹೊತ್ತಾದರೆ ಲೆಕ್ಕಕ್ಕೆ ಏರಿಬಿಡುತ್ತದೆ. ಕೌಂಟರಿನಲ್ಲಿ ವಾದ ಮಾಡಿದ ಮೇಲೆ ಅದನ್ನು ತೆಗೆದರು. ರೆಸಾರ್ಟ್ ಫೀ ಮಾತ್ರ ತೆಗೆಯಲಿಲ್ಲ.

ಈ ರೆಸಾರ್ಟ್ ಫೀ ಅಂದ್ರೆ ಏನು ಅಂತ ಅಪ್ಪನಿಗೆ ತಿಳಿಸಿ ಹೇಳೋಷ್ಟರಲ್ಲಿ ಸಾಕಾಯಿತು. ರೂಮಿನ ಬಾಡಿಗೆ ಬೇರೆ, ಅದರ ಮೇಲೆ ದಿನಕ್ಕೆ 45 ಡಾಲರ್ ಆಸುಪಾಸು. ವೈಫೈಗೆ, ಜಿಮ್ಮಿಗೆ, ಲೋಕಲ್ ಫೋನಿಗೆ ಅಂತೆ.

"ನಾವು ಯಾರಿಗೂ ಫೋನೇ ಮಾಡ್ಲಿಲ್ಲಲ್ಲಪಾ?"

"ಮಾಡದಿದ್ರೂ ಕೊಡ್ಬೇಕಪ್ಪ."

ಆಮೇಲೆ ಟ್ಯಾಕ್ಸು, ಕಾರು ನಿಲ್ಲಿಸಿದ್ದಕ್ಕೆ ಮತ್ತೆ ದುಡ್ಡು.

ನಮ್ಮೂರ ಬಸ್ ಸ್ಟ್ಯಾಂಡ್ ಹತ್ತಿರದ ಲಾಡ್ಜುಗಳನ್ನು ನೆನೆಸಿಕೊಳ್ಳಿ. ಎಪಿಎಂಸಿಗೆ ಮೆಕ್ಕೆಜೋಳದ ವ್ಯಾಪಾರಕ್ಕೆ ಬಂದವರು, ಬಾಪೂಜಿ ಆಸ್ಪತ್ರೆಯಲ್ಲಿ ಮಲಗಿದವರ ಕಡೆಯವರು, ಮದುವೆಗೆ ಬಂದ ಬೀಗರು, ಎಲ್ಲರಿಗೂ ಕೌಂಟರಿನ ಹಿಂದೆ ಅದೇ ಬೋರ್ಡು: ಸಿಂಗಲ್ ಇಷ್ಟು, ಡಬಲ್ ಇಷ್ಟು, ಎಕ್ಸ್‌ಟ್ರಾ ಬೆಡ್ ಇಷ್ಟು, ಬಿಸಿನೀರು ಬೆಳಿಗ್ಗೆ 6ರಿಂದ 9. ರೂಂ ಬಾಯ್ ಕೈಗೆ ದುಡ್ಡು ಕೊಟ್ಟರೆ ಬೆಣ್ಣೆ ದೋಸೆ ಪಾರ್ಸಲ್ ತರುತ್ತಾನೆ, ಚಿಲ್ಲರೆ ಬಿಡೋದು ನಿಮ್ಮ ಮನಸ್ಸು. ಎಷ್ಟೋ ಕಡೆ 24 ಗಂಟೆ ಲೆಕ್ಕ. ರಾತ್ರಿ 11ಕ್ಕೆ ಬಂದರೆ ಮಾರನೇ ರಾತ್ರಿ 11ರ ತನಕ ರೂಮು ನಿಮ್ಮದು. ವೇಗಸ್ಸಿನಲ್ಲಿ ಮಧ್ಯಾಹ್ನ 3ರ ತನಕ ಒಳಗೆ ಬಿಡಲ್ಲ, ಮಾರನೇ ಬೆಳಿಗ್ಗೆ 11ಕ್ಕೆ ಖಾಲಿ ಮಾಡಿ ಅಂತಾರೆ, ಬೇಗ ಬೇಕಂದ್ರೆ ಅದಕ್ಕೂ ಚಾರ್ಜು. 20 ಗಂಟೆಗೆ ಒಂದು ದಿನದ ಬಾಡಿಗೆ, ಇದ್ಯಾವ ಲೆಕ್ಕ?

ಹೋಟೆಲ್ಲೇನೋ ಭಾರೀ ಫ್ಯಾಷನ್ನಿನದು. ಸ್ನಾನದ ಮನೆಗೆ ಗೋಡೆ ಇಲ್ಲ, ಗಾಜು. ಮಂಚದ ಮೇಲೆ ಕೂತರೆ ಶವರ್ ಪೂರ್ತಿ ಕಾಣುತ್ತದೆ. ಅಮ್ಮ ಸ್ನಾನಕ್ಕೆ ಹೋದಾಗಲೆಲ್ಲ ಅಪ್ಪ ಟವೆಲ್ ಹೆಗಲಿಗೆ ಹಾಕಿಕೊಂಡು ಕಾರಿಡಾರಿನಲ್ಲಿ ಅಡ್ಡಾಡುತ್ತಿದ್ದರು. ಕೆಳಗೆ ಹೋಗೋಣ ಅಂದ್ರೆ ಲಿಫ್ಟಿನಿಂದ ಬಾಗಿಲಿಗೆ ದಾರಿ ಇರೋದೇ ಜೂಜಿನ ಮಷಿನ್ನುಗಳ ನಡುವೆ, ಸಿಗರೇಟಿನ ಹೊಗೆಯಲ್ಲಿ.

1931ರಲ್ಲಿ ವೇಗಸ್ ಇರೋ ನೆವಾಡಾ ರಾಜ್ಯ ಜೂಜಿಗೆ ಕಾನೂನಿನ ಒಪ್ಪಿಗೆ ಕೊಟ್ಟಿತು. ಎಷ್ಟೋ ಕಾಲ ಜನ ಆಡೋಕೆ ಬರಲಿ ಅಂತ ರೂಮು, ಊಟ ಅಗ್ಗಕ್ಕೆ ಕೊಡುತ್ತಿದ್ದರಂತೆ. ಈಗ ಸ್ಟ್ರಿಪ್ ಅನ್ನೋ ವೇಗಸ್ಸಿನ ಮುಖ್ಯ ರಸ್ತೆಯ ದೊಡ್ಡ ಹೋಟೆಲುಗಳಿಗೆ ಜೂಜಿಗಿಂತ ರೂಮು, ಊಟ, ಷೋಗಳಿಂದಲೇ ಜಾಸ್ತಿ ದುಡ್ಡು. ಅಂದ್ರೆ ಇಸ್ಪೀಟು ಮುಟ್ಟದ ನಮ್ಮಪ್ಪನಂಥವರನ್ನೂ ಬಿಡೋ ಹಾಗಿಲ್ಲ.

2025ರ ಮೇ ತಿಂಗಳಿಂದ ಹೋಟೆಲಿನವರು ಇಂಥ ಕಡ್ಡಾಯ ಫೀ ಎಲ್ಲ ಸೇರಿಸಿಯೇ ರೇಟು ತೋರಿಸಬೇಕು ಅಂತ ಅಮೆರಿಕದಲ್ಲಿ ನಿಯಮ ಬಂದಿದೆ. ನಾವು ಹೋಗಿದ್ದು ಅದಕ್ಕೂ ಮುಂಚೆ. ಫೀ ಹೋಗಿಲ್ಲ, ಮುಚ್ಚಿಡೋದು ನಿಂತಿದೆ ಅಷ್ಟೇ.

ಸರಿ, ಹಾಸಿಗೆ ಬಟ್ಟೆ ಬೆಳ್ಳಗಿತ್ತು, ಅದನ್ನು ಹೇಳಲೇಬೇಕು. ನಮ್ಮೂರಲ್ಲಿ ದಿಂಬಿನ ಮೇಲೆ ನಾನೇ ಟವೆಲ್ ಹಾಸಿಕೊಂಡು ಮಲಗಿದ್ದೇನೆ. ಇನ್ನೊಂದು ಹೇಳೋಕೆ ಮನಸ್ಸಿಲ್ಲ, ಆದ್ರೂ ಹೇಳ್ತೀನಿ. ನಮ್ಮ ಚಿಕ್ಕಪ್ಪನ ಮಗಳು ಒಂದು ಪರೀಕ್ಷೆಗೆ ಅಂತ ಬೇರೆ ಊರಿಗೆ ಹೋಗಿ ರಾತ್ರಿ ಬಸ್ಸಿಳಿದು ಲಾಡ್ಜಿಗೆ ಹೋದರೆ, "ಜೊತೆಗೆ ಯಾರಿದ್ದಾರಮ್ಮ?" ಅಂತ ಕೇಳಿ, ಯಾರೂ ಇಲ್ಲ ಅಂದ ತಕ್ಷಣ ರೂಮೇ ಇಲ್ಲ ಅಂದುಬಿಟ್ಟರು. ಕೀಲಿಗಳು ಅವಳ ಕಣ್ಣೆದುರೇ ಮೊಳೆಗೆ ನೇತಾಡುತ್ತಿದ್ದವು. ವೇಗಸ್ಸಿನಲ್ಲಿ ಮಧ್ಯರಾತ್ರಿ ಒಬ್ಬಳೇ ಹೋದರೂ ಕಾರ್ಡು ಕೇಳುತ್ತಾರೆ, ಗಂಡನನ್ನು ಕೇಳಲ್ಲ.

ಮುಂದಿನ ಸಲ ಅಪ್ಪ ಅಮ್ಮನನ್ನು ಗ್ರ್ಯಾಂಡ್ ಕ್ಯಾನ್ಯನ್‌ಗೆ ಕರೆದುಕೊಂಡು ಹೋಗಬೇಕು. ದಾರಿಯಲ್ಲಿ ಯಾವುದಾದರೂ ಗುಜರಾತಿ ಪಟೇಲರ ಮೋಟೆಲ್, ಅಂದ್ರೆ ರಸ್ತೆ ಬದಿಯ ಸಣ್ಣ ಲಾಡ್ಜು, ನೋಡಿದರಾಯಿತು. ಬಾಗಿಲೆದುರೇ ಕಾರು ನಿಲ್ಲಿಸಬಹುದು, ಫ್ರಿಜ್ಜೂ ಖಾಲಿ ಇರುತ್ತದೆ.