‘ಬರೆದವರು ಯಾರು?’ ಅನ್ನೋ ಕಾಲಂ

ಮೊನ್ನೆ ಶನಿವಾರ ಕೈಮರದ ಹತ್ತಿರ ಒಂದು ಹೋಂಸ್ಟೇಯಲ್ಲಿ ಹಾಡುತ್ತಿದ್ದೆ. ಕ್ಯಾಂಪ್‌ಫೈರ್ ಸುತ್ತ ಬೆಂಗಳೂರಿನಿಂದ ಬಂದ ಹದಿನೈದು ಜನ. ಮೂರನೇ ಹಾಡು ಮುಗಿದ ಮೇಲೆ ಒಬ್ಬ ಹುಡುಗ ಕೇಳಿದ, "ಬ್ರೋ, ಇದು ನಿಮ್ಮ ಸ್ವಂತ ಹಾಡಾ?" ಚಳಿಗೆ ಬೆರಳು ಮರಗಟ್ಟಿತ್ತು, ಕತೆ ಹೇಳುವ ಮನಸ್ಸಿರಲಿಲ್ಲ. "ಹೂಂ" ಅಂದುಬಿಟ್ಟೆ. ಆ "ಹೂಂ" ಅವತ್ತಿನಿಂದ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಕೂತಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ. ಪುರುಸೊತ್ತಿದ್ದರೆ ಓದಿ.

ಗೊತ್ತಿಲ್ಲದವರಿಗೆ: ನಾನು ಮೂಡಿಗೆರೆ ಕಡೆಯವನು, ಈಗ ಚಿಕ್ಕಮಗಳೂರಲ್ಲಿ ಬಾಡಿಗೆ ಮನೆ. ಹನ್ನೊಂದು ವರ್ಷದಿಂದ ಹಾಡೇ ಕೆಲಸ. ಪೋಸ್ಟರಿನಲ್ಲಿ ‘ಇಂಡಿ-ಫೋಕ್’ ಅಂತ ಹಾಕುತ್ತಾರೆ. ಅಪ್ಪನಿಗೆ ಇದರ ಅರ್ಥ ಹೇಳಲು ಒಮ್ಮೆ ಕೂತಿದ್ದೆ. "ಇಂಡಿ ಅಂದ್ರೆ ಸ್ವತಂತ್ರ ಅಪ್ಪ. ಕಂಪನಿ ಇಲ್ಲ, ಪ್ರೊಡ್ಯೂಸರ್ ಇಲ್ಲ." "ಸಂಬ್ಳನೂ ಇಲ್ಲ" ಅಂತ ಅಪ್ಪ ಸೇರಿಸಿದರು.

ಸಂಬಳ ಇಲ್ಲ ನಿಜ. ಶನಿವಾರದ ಹೋಂಸ್ಟೇ ಇದೆ, ಒಂದೆರಡು ಮದುವೆ, ವರ್ಷಕ್ಕೊಂದೆರಡು ಸಲ ಕಲಾಮಂದಿರದಲ್ಲಿ ಕಾರ್ಯಕ್ರಮ. ಸ್ಟ್ರೀಮಿಂಗಿನಿಂದ ಏನು ಬರುತ್ತೆ ಅಂತ ಕೇಳುವವರು ಜಾಸ್ತಿ. ಕೇಳಿ. 2024ರಿಂದ ಸ್ಪಾಟಿಫೈ ಒಂದು ನಿಯಮ ತಂದಿದೆ. ಹಿಂದಿನ ಹನ್ನೆರಡು ತಿಂಗಳಲ್ಲಿ ಒಂದು ಹಾಡು 1,000 ಸಲವಾದರೂ ಕೇಳಿಸಿಕೊಂಡಿರಬೇಕು, ಇಲ್ಲದಿದ್ದರೆ ಆ ಹಾಡಿಗೆ ಒಂದು ಪೈಸೆಯೂ ಇಲ್ಲ. ನನ್ನ ಒಂದು ಹಾಡು 940ರ ಹತ್ತಿರ ಬಂದು ನಿಂತಿತ್ತು. ನಮ್ಮಕ್ಕ ಮೂರು ದಿನ ಅಡುಗೆಮನೆಯಲ್ಲಿ ಅದೊಂದನ್ನೇ ಹಾಕಿಟ್ಟಳು. ಸಾವಿರ ದಾಟಿತೋ ಇಲ್ಲವೋ, ಭಾವ ಮಾತ್ರ ನನ್ನ ಹಾಡು ಕೇಳುವುದನ್ನೇ ಬಿಟ್ಟರು.

ಮಳೆಗಾಲದಲ್ಲಿ ಬೆಂಕಿ ಹಾಕೋಕೆ ಆಗಲ್ಲ, ಹಾಗಾಗಿ ಹಾಡೂ ಇಲ್ಲ. ಗಿಟಾರಿಗೂ ಅದು ಕಷ್ಟಕಾಲ. ಮಲೆನಾಡಿನ ತೇವಕ್ಕೆ ಮರ ನೀರು ಕುಡಿದು ಉಬ್ಬುತ್ತದೆ, ತಂತಿ ಮೇಲೇಳುತ್ತದೆ, ಒತ್ತಿದರೆ ಬೆರಳು ಕೊಯ್ದಂಗಾಗುತ್ತೆ. ಒಂದು ಆಷಾಢದಲ್ಲಿ ನಾನು ಊರಲ್ಲಿಲ್ಲದಾಗ ಅಮ್ಮ ಪ್ರೀತಿಯಿಂದ ಅದನ್ನು ಒಲೆ ಮೇಲಿನ ಅಟ್ಟದಲ್ಲಿ ಒಣಮೆಣಸಿನಕಾಯಿ ಪಕ್ಕ ಇಟ್ಟಿದ್ದರು. ತೇವವೇನೋ ಹೋಯಿತು. ಜೊತೆಗೆ ಒಂದು ಬಿರುಕೂ ಬಂತು. ಈಗಲೂ ಆ ಗಿಟಾರಿನ ಹೊಟ್ಟೆಗೆ ಮೂಗು ಇಟ್ಟರೆ ಹೊಗೆ ವಾಸನೆ.

ಇರಲಿ, ವಿಷಯಕ್ಕೆ ಬರುತ್ತೇನೆ.

ನನಗೆ ಸ್ವಲ್ಪ ಹೆಸರು ತಂದುಕೊಟ್ಟಿದ್ದು ಒಂದು ನಾಟಿ ಹಾಡು. ಕೈಮರದಲ್ಲಿ ಆ ಹುಡುಗ ಕೇಳಿದ್ದೂ ಅದನ್ನೇ. ನಮ್ಮ ಗದ್ದೆಗೆ ನಾಟಿಗೆ ಬರುತ್ತಿದ್ದ ಒಬ್ಬ ಅಜ್ಜಿ ಹೇಳುತ್ತಿದ್ದ ಹಾಡು. ಅಜ್ಜಿ ಸೊಲ್ಲು ಎತ್ತಿದರೆ ಉಳಿದ ಹೆಂಗಸರು ಸೊಂಟ ಬಗ್ಗಿಸಿದಲ್ಲೇ ಅದನ್ನು ತಿರುಗಿ ಹೇಳುತ್ತಿದ್ದರು. ತಾಳಕ್ಕೆ ಡೋಲಿಲ್ಲ, ತಮಟೆಯಿಲ್ಲ. ಸಸಿಯನ್ನು ಕೆಸರಿಗೆ ಒತ್ತುವ ಕೈಯೇ ತಾಳ. ಕೈಯಲ್ಲಿದ್ದ ಕಂತೆ ಮುಗಿದರೆ ಹಾಡು ಅಲ್ಲಿಗೇ ನಿಲ್ಲುತ್ತಿತ್ತು. ಬದುವಿನ ಮೇಲೆ ನಿಂತವರು ಇನ್ನೊಂದು ಕಂತೆ ಎಸೆಯಬೇಕು, ಅದು ಪಚಕ್ ಅಂತ ನೀರಿಗೆ ಬೀಳಬೇಕು, ಆಮೇಲೆ ಮುಂದಿನ ಸಾಲು. ಕೆಲವು ಸಲ ಆ ಮಧ್ಯದಲ್ಲೇ ಯಾರದೋ ಸೊಸೆಯ ವಿಷಯ ಬಂದು, ಎಲ್ಲರೂ ನಕ್ಕು, ಹಾಡು ಅರ್ಧ ಗಂಟೆ ತಡವಾಗುತ್ತಿತ್ತು.

ಈಗ ಆ ಗದ್ದೆ ಪಾಳು. ನಾಟಿಗೆ ಜನ ಸಿಗಲ್ಲ, ಸಿಕ್ಕರೂ ಕೂಲಿ ಗಿಟ್ಟಲ್ಲ ಅಂತ ಅಪ್ಪ ಬಿಟ್ಟುಬಿಟ್ಟರು. ಹಾಗಾಗಿ ಅಜ್ಜಿ ಇರುವ ಲೈನ್ ಮನೆಗೆ, ಅಂದರೆ ತೋಟದ ಕೆಲಸದವರ ಸಾಲುಮನೆಗೆ ಹೋಗಿ, ಜಗಲಿಯಲ್ಲಿ ಕೂರಿಸಿ, ಫೋನಿನಲ್ಲಿ ಹಾಡಿಸಿಕೊಂಡೆ.

ಸ್ಟುಡಿಯೋದಲ್ಲಿ ಕಿವಿಗೆ ಕ್ಲಿಕ್ ಟ್ರ್ಯಾಕ್ ಹಾಕಿದರು. ನಿಮಿಷಕ್ಕೆ 84 ಬಡಿತ, ಒಂದೂ ಹಿಂದೆ ಮುಂದೆ ಆಗಲ್ಲ. ಕಂತೆಗಾಗಿ ಕಾಯುವ ಆ ನಿಲುಗಡೆಯನ್ನು ಎಲ್ಲಿ ಕೂರಿಸೋದು? ತೆಗೆದು ಹಾಕಿದೆ. ಆ ಜಾಗಕ್ಕೆ ಕೊಳಲು ತುಂಬಿಸಿದೆ. ಕೇಳಿದವರೆಲ್ಲ ಕೊಳಲು ಚೆನ್ನಾಗಿದೆ ಅಂದರು.

ಹಾಡನ್ನು ಆನ್‌ಲೈನಿಗೆ ಹಾಕುವಾಗ ಒಂದು ಫಾರಂ ತುಂಬಬೇಕು. ಹಾಡಿದವರು, ನನ್ನ ಹೆಸರು. ಸಂಗೀತ, ನನ್ನ ಹೆಸರು. ಬರೆದವರು ಯಾರು? ಅಲ್ಲಿ ‘ಸಾಂಪ್ರದಾಯಿಕ’ ಅಂತ ಹಾಕಿದೆ. ಎಲ್ಲರೂ ಹಾಕೋದು ಅದನ್ನೇ. ಕಾನೂನಿನ ಪ್ರಕಾರ ತಪ್ಪೇನೂ ಇಲ್ಲ. ಕರ್ತೃ ಯಾರೆಂದು ತಿಳಿಯದ ಹಳೆಯ ಜನಪದ ಹಾಡನ್ನು ಯಾರು ಬೇಕಾದರೂ ಹಾಡಬಹುದು. ಆದರೆ ಹಾಡಿ ರೆಕಾರ್ಡ್ ಮಾಡಿದರೆ ಆ ರೆಕಾರ್ಡಿಂಗ್ ಮಾತ್ರ ಮಾಡಿದವನದ್ದು.

ಇದರ ಬಿಸಿ ನನಗೂ ತಟ್ಟಿತು. ಎರಡು ವರ್ಷದ ಹಿಂದೆ ನನ್ನ ವಿಡಿಯೋ ಮೇಲೆ ಯಾವುದೋ ಚಾನೆಲ್‌ನವರ ಕಾಪಿರೈಟ್ ಕ್ಲೇಮ್ ಬಂತು, ಹಾಡು ತಮ್ಮದು ಅಂತ. ಅದೇ ಮಟ್ಟನ್ನು ಅವರೂ ಹಾಡಿಸಿ ರಿಜಿಸ್ಟರ್ ಮಾಡಿಸಿದ್ದರು. ಯೂಟ್ಯೂಬಿನ ಯಂತ್ರ ಎರಡನ್ನೂ ಹೋಲಿಸಿ ನೋಡಿ, ನಾನೇ ಕದ್ದವನು ಅಂತ ತೀರ್ಮಾನ ಮಾಡಿತ್ತು. ಒಂದು ತಿಂಗಳು ಬಡಿದಾಡಿ ಬಿಡಿಸಿಕೊಂಡೆ. ಗೆದ್ದ ಖುಷಿಯಲ್ಲಿ ಫ್ರೆಂಡ್ಸಿಗೆ ಬಿರಿಯಾನಿ ಕೊಡಿಸುವಾಗ ಹೊಳೆಯಿತು. ಇಬ್ಬರು ಸೇರಿ ಮೂರನೆಯವರ ಹಸುವಿಗೆ ಕಿತ್ತಾಡಿದ್ದೇವೆ ಅಲ್ವಾ?

"ಜನಪದ ಎಲ್ಲರದ್ದು ಮಾರಾಯ" ಅಂತ ಹೇಳುವವರು ಇದ್ದಾರೆ. ನಾನೂ ವೇದಿಕೆ ಮೇಲೆ ನೂರು ಸಲ ಹೇಳಿದ್ದೇನೆ. ಎಲ್ಲರದ್ದು ಅಂದದ್ದು ಕೊನೆಗೆ ಸೇರುವುದು ಮೈಕ್ ಇದ್ದವನಿಗೆ. ನನ್ನ ಹತ್ತಿರ ಮೈಕ್ ಇತ್ತು, ಅಷ್ಟೇ.

ಶಿಶುನಾಳ ಶರೀಫರನ್ನು ನೋಡಿ. 1819ರಲ್ಲಿ ಹುಟ್ಟಿ 1889ರಲ್ಲಿ ತೀರಿಕೊಂಡವರು. ಅವರ ಪದಗಳು ಸಿ. ಅಶ್ವಥ್ ಅವರ ಕಂಠದಲ್ಲಿ ಮನೆಮನೆಗೆ ಬಂದವು. ರಘು ದೀಕ್ಷಿತ್ 2008ರ ತಮ್ಮ ಮೊದಲ ಆಲ್ಬಂನಲ್ಲಿ ಗಿಟಾರಿನ ಜೊತೆ ಹಾಡಿದರು. ಯಾರು ಎಲ್ಲಿ ಹೇಗೆ ಹಾಡಿದರೂ ಕೊನೆಯ ಸಾಲಿಗೆ ಬಂದಾಗ ಶಿಶುನಾಳದ ಹೆಸರು ಹೇಳಲೇಬೇಕು. ಅಂಕಿತ ಅಂದರೆ ಅದೇ. ಫಾರಂ ಬೇಡ, ಕಾಲಂ ಬೇಡ, ಊರಿನ ಗುರುತು ಹಾಡಿನೊಳಗೇ ಹೊಲಿದುಕೊಂಡಿದೆ. ನಾಟಿ ಹಾಡಿಗೆ ಅಂಕಿತ ಇಲ್ಲ. ಕೆಸರಿನಲ್ಲಿ ಬಗ್ಗಿ ನಿಂತವರಿಗೆ ತಮ್ಮ ಹೆಸರು ಹಾಕಿಕೊಳ್ಳಬೇಕು ಅಂತ ಅನಿಸಿರಲಿಲ್ಲವೋ, ಅನಿಸಿದರೂ ಯಾರೂ ಹಾಡಲ್ಲ ಅಂತ ಗೊತ್ತಿತ್ತೋ.

ಹಾಗಾಗಿ ಹೋದ ವರ್ಷದಿಂದ ನಾನು ಯಾವ ಹಾಡಿಗೂ ‘ಸಾಂಪ್ರದಾಯಿಕ’ ಅಂತ ಮಾತ್ರ ಬರೆದು ಬಿಡುವುದಿಲ್ಲ. ಹಾಡಿಕೊಟ್ಟವರ ಹೆಸರು, ಊರು ಎರಡೂ ಹಾಕುತ್ತೇನೆ. ಹಾಡಿನಿಂದ ಬಂದಿದ್ದರಲ್ಲಿ ಅರ್ಧ ಅವರಿಗೆ. ನನ್ನ ತಬಲಾ ಹುಡುಗ ವಾದ ಮಾಡಿದ: "ಅಜ್ಜಿ ಬರೆದಿದ್ದಾ ಅದು? ಅವರೂ ಅವರತ್ತೆ ಹತ್ರ ಕಲಿತಿದ್ದು. ಅತ್ತೆಗೆ ಯಾರು ಕೊಡ್ತಾರೆ?" ಸರಿಯಾದ ಪ್ರಶ್ನೆ. ಉತ್ತರ ನನ್ನ ಹತ್ತಿರ ಇಲ್ಲ. ಆದರೆ ಉತ್ತರ ಸಿಗೋವರೆಗೂ ದುಡ್ಡು ನನ್ನ ಜೇಬಲ್ಲೇ ಇರಲಿ ಅನ್ನೋದು ಯಾವ ನ್ಯಾಯ? ಬೇರೆಯವರೂ ಹೀಗೆ ಮಾಡಲಿ ಅಂತ ನನ್ನ ಆಸೆ. ಪ್ರಶಸ್ತಿ ತಗೊಳ್ಳುವಾಗ "ಇದು ನಮ್ಮ ಮಣ್ಣಿನ ಹಾಡು" ಅಂತ ಭಾಷಣ ಮಾಡುವವರು ಮೊದಲು ಮಾಡಲಿ. ಮಣ್ಣಿಗೆ ಬ್ಯಾಂಕ್ ಖಾತೆ ಇಲ್ಲ, ಹಾಡಿದವರಿಗೆ ಇರುತ್ತೆ.

ಅಜ್ಜಿಯ ಹೆಸರು ಇಲ್ಲಿ ಹಾಕಿಲ್ಲ. ಫೇಸ್‌ಬುಕ್ಕಿಗೆ ಬೇಡ ಅಂದರು.

ಮೊದಲ ಸಲ ದುಡ್ಡು ತಗೊಂಡು ಹೋದಾಗ ಹಾಡನ್ನೂ ಕೇಳಿಸಿದೆ. ಪೂರ್ತಿ ಕೇಳಿ, "ಚೆಂದಾಗೈತೆ. ಒಂದೇ ಉಸುರ್ಗೆ ಯಾಕ್ ಹಂಗ್ ಓಡ್ತೀಯಾ?" ಅಂದರು. ನಾನು ಸುಮ್ನೆ ನಕ್ಕೆ. ನೋಟು ಕೈಗಿಟ್ಟರೆ ಮುಟ್ಟಲಿಲ್ಲ. ಆಣೆ ಮಾಡಿದರೂ ಬೇಡವೇ ಬೇಡ ಅಂದರು. ಆಮೇಲೆ ನಾನು ಎದ್ದು ಚಪ್ಪಲಿ ಹಾಕಿಕೊಳ್ಳುವಾಗ, "ಮಗಾ, ಕೊಡ್ಲೇಬೇಕು ಅಂದ್ರೆ ಈ ಫೋನಿಗ್ ಕರೆನ್ಸಿ ಹಾಕ್ಸು. ನಿಂತೋಗೈತೆ" ಅಂದರು.

ಈಗ 28 ದಿನಕ್ಕೊಮ್ಮೆ ರೀಚಾರ್ಜ್ ನನ್ನದು. ಉಳಿದ ಲೆಕ್ಕ ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡುತ್ತಿದ್ದೇನೆ. ನನ್ನ ಹಾಡಂತೂ ಅವರು ಇನ್ನೊಮ್ಮೆ ಕೇಳಿದ ಹಾಗಿಲ್ಲ. ಸಂಜೆ ಹೋದರೆ ಜಗಲಿಯಲ್ಲಿ ಮೊಮ್ಮಗಳ ಜೊತೆ ಸೀರಿಯಲ್ ನೋಡುತ್ತಾ ಕೂತಿರುತ್ತಾರೆ, ಆ್ಯಡ್ ಬಂದಾಗ ಮಾತ್ರ ನನ್ನ ಕಡೆ ತಿರುಗುತ್ತಾರೆ.