ಸತ್ಯಾಂಶ: ಬ್ರಿಟನ್ ಬಾವುಟದಲ್ಲಿ ನಾಲ್ಕು ದೇಶಗಳಿವೆಯೇ?

‘ಬ್ರಿಟನ್ ಬಾವುಟದಲ್ಲಿ ನಾಲ್ಕು ದೇಶಗಳ ಶಿಲುಬೆಗಳಿವೆ, ಹೇಗೆ ಕಟ್ಟಿದರೂ ಒಂದೇ’ ಎಂಬ ಸಂದೇಶ ಕಾರವಾರ, ಅಂಕೋಲಾ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಎರಡೂ ತಪ್ಪು. ಹಡಗಿನ ಕೆಲಸಕ್ಕೆ ಹೋಗುವವರಿರುವ ನಮ್ಮ ಕರಾವಳಿಯಲ್ಲಿ ಇದು ಸರಿಯಾಗಿ ತಿಳಿದಿರಬೇಕು.

ಇರುವುದು ಮೂರೇ ಶಿಲುಬೆ. ಇಂಗ್ಲೆಂಡ್, ಸ್ಕಾಟ್ಲೆಂಡ್ ಎರಡಕ್ಕೂ ಒಬ್ಬನೇ ದೊರೆಯಿದ್ದಾಗ, 1606ರಲ್ಲಿ, ಸೇಂಟ್ ಜಾರ್ಜ್‌ನ ಕೆಂಪು ನೇರ ಶಿಲುಬೆಯೂ ಸೇಂಟ್ ಆಂಡ್ರೂನ ಬಿಳಿ ಓರೆ ಶಿಲುಬೆಯೂ ಕೂಡಿದವು. ಸಂಸತ್ತುಗಳು ಒಂದಾದದ್ದು 1707ರಲ್ಲಿ. 1801ರಲ್ಲಿ ಐರ್ಲೆಂಡ್ ಸೇರಿ ಸೇಂಟ್ ಪ್ಯಾಟ್ರಿಕ್ ಹೆಸರಿನ ಕೆಂಪು ಓರೆ ಶಿಲುಬೆ ಬಂತು. ವೇಲ್ಸ್‌ಗೆ ಜಾಗವಿಲ್ಲ, 1535–1542ರ ಕಾನೂನುಗಳಿಂದ ಅದು ಆಗಲೇ ಇಂಗ್ಲೆಂಡಿನೊಳಗೆ ವಿಲೀನವಾಗಿತ್ತು.

ಕೆಂಪು ಓರೆ ಪಟ್ಟಿ ಬಿಳಿಯ ನಟ್ಟನಡುವೆ ಇಲ್ಲ, ಗಮನಿಸಿ. ನಡುವೆ ಇಟ್ಟಿದ್ದರೆ ಸ್ಕಾಟ್ಲೆಂಡಿನ ಶಿಲುಬೆ ಐರ್ಲೆಂಡಿನದಕ್ಕೆ ಬರೀ ಅಂಚಾಗಿಬಿಡುತ್ತಿತ್ತು. ಅದಕ್ಕೇ ಪಕ್ಕಕ್ಕೆ ಸರಿಸಿ, ಕಂಬದ ಕಡೆಯ ಅರ್ಧದಲ್ಲಿ ಅಗಲ ಬಿಳಿಯನ್ನು ಮೇಲೆ, ಆಚೆಯ ಅರ್ಧದಲ್ಲಿ ಕೆಂಪನ್ನು ಮೇಲೆ ಇಟ್ಟರು. ಯಾರ ಗೌರವಕ್ಕೂ ಕುಂದು ಬಾರದಂತೆ ಮಾಡಿದ ಜಾಣ ಏರ್ಪಾಡು ಇದು.

ಕಾಗದದ ಮೇಲಿನ ಚಿತ್ರವನ್ನು ಅರ್ಧ ಸುತ್ತು ತಿರುಗಿಸಿದರೆ ಹಾಗೇ ಕಾಣುತ್ತದೆ. ಗೊಂದಲ ಹುಟ್ಟಿದ್ದು ಇಲ್ಲಿಂದಲೇ ಇರಬೇಕು. ಬಟ್ಟೆಯ ಕಥೆ ಬೇರೆ. ಅದರ ಒಂದೇ ಅಂಚಿಗೆ ಹಗ್ಗವಿರುತ್ತದೆ, ಕೆಳಮೂಲೆಯನ್ನು ಮೇಲೆ ಕಟ್ಟಿದರೆ ಕಂಬದ ಕಡೆ ಕೆಂಪು ಮೇಲೆ ಬರುತ್ತದೆ. ಏರಿಸುವ ಮುನ್ನ ಹಗ್ಗದ ಪಕ್ಕದ ಮೇಲ್ಮೂಲೆ ನೋಡಿ: ಅಗಲ ಬಿಳಿ ಪಟ್ಟಿ ಕೆಂಪಿನ ಮೇಲಿರಬೇಕು. ಬ್ರಿಟಿಷ್ ವ್ಯಾಪಾರಿ ಹಡಗಿನ ಕೆಂಪು ಬಾವುಟದಲ್ಲಿ ಈ ಚಿಹ್ನೆ ಮೇಲ್ಮೂಲೆಯಲ್ಲಿರುವುದರಿಂದ ತಪ್ಪು ತಕ್ಷಣ ಕಾಣುತ್ತದೆ. ಅದನ್ನು ತಲೆಕೆಳಗಾಗಿ ಹಾರಿಸುವುದು ಹಿಂದಿನಿಂದಲೂ ಅಪಾಯದ ಸಂಕೇತ.