ಪ್ರಗತಿ ನೂರಕ್ಕೆ ನೂರು, ನೀರಿನ ಮಾತು ಬೇಡ

ತಾಲೂಕು ಪಂಚಾಯಿತಿ ಸಭಾಂಗಣದಲ್ಲಿ ಕುಡಿಯುವ ನೀರಿನ ಸುರಕ್ಷತಾ ಯೋಜನೆಯ ಪ್ರಗತಿ ಪರಿಶೀಲನೆ ನಡೆದ ಸುದ್ದಿ ನೀವೂ ಓದಿರುತ್ತೀರಿ. ಯಾವ ತಾಲೂಕು ಅಂತ ಕೇಳಬೇಡಿ. ಎಲ್ಲ ತಾಲೂಕಿನದೂ ಅದೇ ಸುದ್ದಿ, ಅದೇ ಫೋಟೊ. ಅಧಿಕಾರಿಗಳ ಮುಂದೆ ಸಾಲಾಗಿ ಸೀಲ್ ಒಡೆಯದ ನೀರಿನ ಬಾಟಲಿಗಳು. ನಲ್ಲಿ ನೀರಿನ ಗುಣಮಟ್ಟದ ಬಗ್ಗೆ ಮಾತಾಡಿ ಗಂಟಲು ಒಣಗಿದರೆ ಕುಡಿಯಬೇಕಲ್ವಾ?

ನಮ್ಮವರನ್ನು ಸುಮ್ನೆ ಬೈಯಬಾರದು. ನೀರಿನ ಸುರಕ್ಷತಾ ಯೋಜನೆ ಅನ್ನೋದು ದೊಡ್ಡ ಜಾಗದಿಂದ ಬಂದ ವಿಷಯ. ವಿಶ್ವ ಆರೋಗ್ಯ ಸಂಸ್ಥೆ 2004ರಲ್ಲೇ ಹೇಳಿತ್ತು: ಕೊನೆಯಲ್ಲಿ ಒಂದು ಲೋಟ ನೀರು ತೆಗೆದು ಪರೀಕ್ಷೆ ಮಾಡಿದರೆ ಸಾಲದು, ಕೆರೆ-ಬೋರ್‌ವೆಲ್‌ನಿಂದ ಹಿಡಿದು ಮನೆಯ ನಲ್ಲಿಯವರೆಗೆ ಎಲ್ಲಿ ಕೆಡಬಹುದು ಅಂತ ಮೊದಲೇ ಹುಡುಕಿ ತಡೆಯಿರಿ. 2009ರಲ್ಲಿ ಬಂದ ಕೈಪಿಡಿಯಲ್ಲಿ 11 ಹಂತ ಇದ್ದವು. 2023ರ ಪರಿಷ್ಕೃತ ಕೈಪಿಡಿಯಲ್ಲಿ 10. ನೋಡಿ, ಅಲ್ಲೂ ಪ್ರಗತಿ.

ನಮ್ಮಲ್ಲಿ ಅಷ್ಟೆಲ್ಲ ಹಂತ ಬೇಕಿಲ್ಲ, ಮೂರೇ ಸಾಕು. ಯೋಜನೆ ಬರೆಯೋದು, ಫೋಟೊ ತೆಗೆಯೋದು, ಅಪ್‌ಲೋಡ್ ಮಾಡೋದು.

2019ರ ಆಗಸ್ಟ್ 15ರಂದು ಜಲ ಜೀವನ್ ಮಿಷನ್ ಘೋಷಣೆಯಾಯಿತು. 2024ಕ್ಕೆ ಪ್ರತಿ ಹಳ್ಳಿ ಮನೆಗೂ ನಲ್ಲಿ, ತಲೆಗೆ ದಿನಕ್ಕೆ 55 ಲೀಟರ್ ಅಂದರು. ಈಗ ಗಡುವು 2028. ಕೋಟಿಗಟ್ಟಲೆ ನಲ್ಲಿಗಳು ಬಂದಿದ್ದು ಸುಳ್ಳಲ್ಲ. ಆ ನಲ್ಲಿಗೆ ಮನೆ ಯಜಮಾನರ ಆಧಾರ್ ನಂಬರ್ ಜೋಡಿಸಿ ಅಂತ ಮಾರ್ಗಸೂಚಿ ಹೇಳುತ್ತದೆ. ರೇಷನ್‌ಗೆ ಆಧಾರ್, ಸಿಮ್ಮಿಗೆ ಆಧಾರ್, ಈಗ ನಲ್ಲಿಗೂ. ಇನ್ನು ನೀರು ಬಾರದಿದ್ದರೆ ಬೆರಳಚ್ಚು ಹೊಂದಿಕೆಯಾಗಿಲ್ಲ ಅಂದುಕೊಂಡು ಸಮಾಧಾನ ಮಾಡಿಕೊಳ್ಳಬಹುದು. ನಲ್ಲಿ ಪಕ್ಕ ಮನೆಯಾಕೆ ನಿಂತು ಫೋಟೊ, ಟ್ಯಾಂಕ್ ಮುಂದೆ ಎಂಜಿನಿಯರ್ ನಿಂತು ಫೋಟೊ, ಅಕ್ಷಾಂಶ ರೇಖಾಂಶ ಸಮೇತ. ಮದುವೆ ಮನೆಯಲ್ಲೂ ಇಷ್ಟು ಫೋಟೊ ತೆಗೆಯಲ್ಲ.

ಟ್ಯಾಂಕ್ ಅಂದಾಗ ನೆನಪಾಯಿತು. ಓವರ್‌ಹೆಡ್ ಟ್ಯಾಂಕಿನ ಕಂಬದ ಮೇಲೆ 'ಸ್ವಚ್ಛಗೊಳಿಸಿದ ದಿನಾಂಕ', 'ಮುಂದೆ ಸ್ವಚ್ಛಗೊಳಿಸುವ ದಿನಾಂಕ' ಅಂತ ಪೇಂಟಿನಲ್ಲಿ ಬರೆದಿರುತ್ತಾರೆ, ಗಮನಿಸಿ. ಎಷ್ಟೋ ಕಡೆ ಆ ಪೇಂಟು ಮಾತ್ರ ಹೊಸದು. ಟ್ಯಾಂಕಿನ ಮುಚ್ಚಳ ಎಲ್ಲಿ ಅಂತ ಕೇಳಿದರೆ ಗಾಳಿಗೆ ಹಾರಿಹೋಯ್ತು ಸಾರ್ ಅಂತಾರೆ. ಯಾವ ಗಾಳಿಗೆ, ಯಾವ ವರ್ಷದ್ದು ಅಂತ ಕೇಳುವ ಕಾಲಂ ನಮೂನೆಯಲ್ಲಿಲ್ಲ.

ಈ ಇಡೀ ಯೋಜನೆ ಜಾರಿ ಮಾಡುವವನು ಒಬ್ಬನೇ: ನೀರುಗಂಟಿ. ಬೆಳಗಿನ ಜಾವ ಎದ್ದು ವಾಲ್ವ್ ತಿರುಗಿಸೋದು ಅವನೇ, ಮೋಟಾರ್ ಸುಟ್ಟರೆ ಬೈಸಿಕೊಳ್ಳೋದೂ ಅವನೇ. ಬ್ಲೀಚಿಂಗ್ ಪೌಡರ್ ಹಾಕುವವನೂ ಅವನೇ. ಬಾಯಿ ತೆರೆದಿಟ್ಟ ಮೂಟೆಯಲ್ಲಿ ಪೌಡರ್ ತಿಂಗಳುಗಟ್ಟಲೆ ಬಿದ್ದಿದ್ದರೆ ಅದರ ಕ್ಲೋರಿನ್ ಗಾಳಿಗೆ ಹೋಗುತ್ತದೆ, ಉಳಿಯೋದು ಸುಣ್ಣದ ಪುಡಿಯಂಥದ್ದು. ಜಾಸ್ತಿ ಹಾಕಿದರೆ ವಾಸನೆ ಅಂತ ಊರವರು ಜಗಳಕ್ಕೆ ಬರುತ್ತಾರೆ. ಕಡಿಮೆ ಹಾಕಿದರೆ ಯಾರಿಗೂ ಗೊತ್ತಾಗಲ್ಲ. ಅವನೇನು ಮಾಡಬೇಕು? ಯೋಜನೆಯ ತಂಡದಲ್ಲಿ ಅವನ ಹೆಸರಿದ್ದರೆ ಇರಬಹುದು. ಸಭೆಗೆ ಅವನನ್ನು ಯಾರು ಕರೆದರು? ಗೌರವಧನ ಎಷ್ಟು ತಿಂಗಳಿಂದ ಬಾಕಿ ಅಂತ ಯಾರು ಕೇಳಿದರು?

ನೀರು ಕೆಡುವ ಜಾಗ ಗುಟ್ಟೇನಲ್ಲ. ದಿನ ಬಿಟ್ಟು ದಿನ, ವಾರಕ್ಕೊಮ್ಮೆ ನೀರು ಬಿಡುತ್ತೇವೆ. ನಿಲ್ಲಿಸಿದಾಗ ಪೈಪು ಖಾಲಿ, ಒತ್ತಡ ಇಲ್ಲ. ಆ ಪೈಪು ಎಷ್ಟೋ ಊರಲ್ಲಿ ಚರಂಡಿಯೊಳಗೇ ಹಾದುಹೋಗಿರುತ್ತದೆ. ಒಂದು ಬಿರುಕಿದ್ದರೆ ಸಾಕು, ಚರಂಡಿ ನೀರು ಒಳಗೆ ನುಗ್ಗುತ್ತದೆ. ಸಾಲದ್ದಕ್ಕೆ ನಲ್ಲಿಗೇ ಮೋಟಾರ್ ಹಾಕಿ ಎಳೆಯುವ ನಮ್ಮ ಜಾಣತನ ಬೇರೆ. ಅಂದಮೇಲೆ ಸ್ಯಾಂಪಲ್ ಎಲ್ಲಿ ತೆಗೆಯಬೇಕು? ಕೊನೆಯ ಮನೆಯಲ್ಲಿ. ನೂರು ಮಿಲಿ ಲೀಟರಿನಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಒಂದೂ ಇರಬಾರದು ಅನ್ನೋದು ಕುಡಿಯುವ ನೀರಿಗೆ ದೇಶದಲ್ಲಿರುವ ಐಎಸ್ 10500 ಮಾನದಂಡ. ಆದರೆ ಟ್ಯಾಂಕಿನ ಬುಡದಲ್ಲೇ ತೆಗೆದರೆ ಫಲಿತಾಂಶವೂ ಚೆನ್ನಾಗಿರುತ್ತದೆ, ಜೀಪೂ ಅಲ್ಲಿಯವರೆಗೆ ಹೋಗುತ್ತದೆ.

ಕೊನೆಯ ಮನೆಗಳು ಯಾರವು ಅಂತ ನಿಮಗೂ ಗೊತ್ತು. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯ ದಲಿತ ಕೇರಿಯಲ್ಲಿ ಜನ ನಲ್ಲಿ ನೀರು ಕುಡಿದು ಸತ್ತರು. ನೂರಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಅದಕ್ಕೂ ಮೊದಲು 2022ರಲ್ಲಿ ರಾಯಚೂರು, ಆಮೇಲೆ 2024ರಲ್ಲಿ ಮೈಸೂರು ಪಕ್ಕದ ಕೆ. ಸಾಲುಂಡಿ. ಪ್ರತಿ ಸಲ ಪರಿಹಾರ, ಅಮಾನತು, ಸಚಿವರ ಭೇಟಿ, ವರದಿ ಕೇಳಿದ್ದೇವೆ ಎಂಬ ಮಾತು. ಸಾಕಾಗಿದೆ ಸ್ವಾಮಿ. ವಾಂತಿ-ಭೇದಿಯಿಂದ ಸಾಯುವುದು ಇಪ್ಪತ್ತೊಂದನೇ ಶತಮಾನದಲ್ಲಿ ರೋಗವಲ್ಲ, ಯಾರದೋ ಸೋಮಾರಿತನ. ಇದರಲ್ಲಿ ನಗಲು ನನಗೇನೂ ಸಿಗುತ್ತಿಲ್ಲ.

ಸತ್ತ ಮೇಲೆ ಬರುವ ಸಲಹೆಯೂ ಒಂದೇ: 'ನೀರನ್ನು ಕಾಯಿಸಿ ಆರಿಸಿ ಕುಡಿಯಿರಿ.' ಪಾವಗಡದಲ್ಲೂ ಅದನ್ನೇ ಹೇಳುತ್ತಾರೆ. ಅಲ್ಲಿನ ತೊಂದರೆ ನೀರಲ್ಲಿ ಕರಗಿರುವ, ಹಲ್ಲು-ಮೂಳೆ ಕೆಡಿಸುವ ಫ್ಲೋರೈಡ್. ಕಾಯಿಸಿದರೆ ಅದು ಹೋಗಲ್ಲ, ನೀರು ಆವಿಯಾದಷ್ಟೂ ಗಟ್ಟಿಯಾಗುತ್ತದೆ. ಗ್ಯಾಸ್ ಖರ್ಚು ಬೇರೆ. ಅದಕ್ಕೇ ಜನ ಐದು ರೂಪಾಯಿ ನಾಣ್ಯ ಹಿಡಿದು ಶುದ್ಧ ನೀರಿನ ಘಟಕಕ್ಕೆ ಕ್ಯಾನ್ ಹೊರುತ್ತಾರೆ. ಘಟಕ ಕೆಟ್ಟಿದ್ದರೆ ಖಾಲಿ ಕ್ಯಾನ್ ಹೊತ್ತು ವಾಪಸ್. ಘಟಕವೂ ಪಟ್ಟಿಯಲ್ಲಿ 'ಸ್ಥಾಪಿಸಲಾಗಿದೆ' ಅಂತಲೇ ಇರುತ್ತದೆ. ಸ್ಥಾಪಿಸಿದ್ದು ನಿಜ ತಾನೆ.

ಪರೀಕ್ಷೆಯೇ ಆಗುತ್ತಿಲ್ಲ ಅಂತ ಹೇಳಿದರೆ ಮೋಸವಾದೀತು. ಪ್ರತಿ ಹಳ್ಳಿಯಲ್ಲಿ ಐದು ಮಂದಿ ಹೆಣ್ಣುಮಕ್ಕಳಿಗೆ ಕಿಟ್ ಕೊಟ್ಟು ಕಲಿಸಬೇಕು ಅನ್ನೋ ನಿಯಮ ಇದೆ, ಎಷ್ಟೋ ಕಡೆ ಅವರು ಶ್ರದ್ಧೆಯಿಂದ ಮಾಡುತ್ತಾರೆ. ಸಣ್ಣ ಬಾಟಲಿಗೆ ನೀರು ಹಾಕಿ ಬೆಚ್ಚಗಿನ ಜಾಗದಲ್ಲಿ ಇಡೋದು. ಒಂದೆರಡು ದಿನದಲ್ಲಿ ಕಪ್ಪಾದರೆ ಮಲದ ಸೋಂಕಿನ ಅನುಮಾನ. ಆ ಅಕ್ಕ ಕಪ್ಪು ಬಾಟಲಿ ಹಿಡಿದು ಪಂಚಾಯಿತಿಗೆ ಹೋದರೆ, 'ಪರೀಕ್ಷೆ ನಡೆಸಲಾಗಿದೆ' ಅಂತ ಎಂಟ್ರಿ ಬೀಳುತ್ತದೆ. ಪ್ರಗತಿಗೆ ಇನ್ನೊಂದು ಸೇರಿತು. ಪಕ್ಕದಲ್ಲಿ 'ಕೈಗೊಂಡ ಕ್ರಮ' ಅಂತ ಇನ್ನೊಂದು ಕಾಲಂ. ಅಲ್ಲೂ ಖಾಲಿ ಬಿಡುವಂತಿಲ್ಲ, ಸಿಸ್ಟಮ್ ತಗೊಳ್ಳಲ್ಲ. ಅದಕ್ಕೆ ಬರೆಯುತ್ತಾರೆ: ಟ್ಯಾಂಕ್ ಹತ್ತಿರ ಮತ್ತೊಮ್ಮೆ ಸ್ಯಾಂಪಲ್ ತೆಗೆಯಲಾಗಿದೆ, ನೀರು ಕುಡಿಯಲು ಯೋಗ್ಯ.